ಮಾನ ಕಾಯುವ ಬಟ್ಟೆ



1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ಥಾಪನೆಯಾದ ಊರು ನಮ್ಮ ಮೈಸೂರು. ಬಟ್ಟೆ ಏತಕ್ಕೆಂದು ಇಲ್ಲಿ ಯಾರನ್ನು ಕೇಳಿದರೂ, ಮಾನ ಮುಚ್ಚುವುದಕ್ಕೆ ಎನ್ನುತ್ತಾರೆ. ಬಟ್ಟೆ ತೊಡಿಸಿಯೇ ಮಾನ ಕಳೆದವರ ಕಥೆಯನ್ನು ಈ ದಿನ ನಾವು ಹೇಳಬೇಕಾಗಿದೆ.

1941ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸರ್ಕಾರ ಕಟ್ಟಳೆಯೊಂದನ್ನು ಹೊರಡಿಸಿತು. ಜರ್ಮನಿಯಲ್ಲಿ ಆರು ವರ್ಷ ತುಂಬಿದ ಪ್ರತಿಯೊಬ್ಬ ಯೆಹೂದಿಯೂ ಹಳದಿ ನಕ್ಷತ್ರವನ್ನು ಎದೆಯ ಮೇಲೆ ಹೊಲಿದುಕೊಂಡೇ ಬೀದಿಗೆ ಬರಬೇಕು! ಮುಂದೆ ಪೋಲೆಂಡಿನ ಆಶ್‌ವಿಟ್ಜ್ ಶಿಬಿರಕ್ಕೆ ಸಾಗಿಸಿದ ಯೆಹೂದಿಗಳಲ್ಲಿ ಹೆಚ್ಚಿನವರನ್ನು ಬಂದ ಕೂಡಲೇ ವಿಷಾನಿಲದಿಂದ ಕೊಂದರು. ದುಡಿಮೆಗೆಂದು ಉಳಿಸಿಕೊಂಡವರ ಉಡುಪು ಕಳಚಿಸಿದರು, ತಲೆ ಬೋಳಿಸಿದರು, ಪಟ್ಟೆಪಟ್ಟೆಯ ತೆಳು ಅಂಗಿ, ಷರಾಯಿ ತೊಡಿಸಿದರು. ಕೊರೆಯುವ ಚಳಿಯಲ್ಲೂ ಅದೇ, ವಾರಗಟ್ಟಲೆ ಒಗೆಯದೆಯೂ ಅದೇ. ಹೆಸರು ಹೋಯಿತು, ಎದೆಯ ಮೇಲೆ ನಂಬರು ಬಂತು. ಅದರ ಜೊತೆಗೆ ಮತ್ತೆ ಆ ನಕ್ಷತ್ರ. ಅವರಿಂದ ಕಿತ್ತುಕೊಂಡ ಒಳ್ಳೆಯ ಬಟ್ಟೆಗಳನ್ನು ಆರಿಸಿ ಜರ್ಮನಿಗೆ ಕಳುಹಿಸಿದರು.

ನಕ್ಷತ್ರವು ಯೆಹೂದಿಗಳ ಧರ್ಮಲಾಂಛನ. ಅದನ್ನೇ ಅವಮಾನದ ಗುರುತು ಮಾಡಿದರು. ನಮ್ಮ ಎದೆಯ ಮೇಲಿನ ಇಷ್ಟಲಿಂಗವನ್ನು ಯಾರಾದರೂ ಹಾಗೆ ಮಾಡಿದ್ದರೆ ನಮ್ಮ ಜೀವ ಎಷ್ಟು ನೊಂದುಕೊಳ್ಳುತ್ತಿತ್ತು? ವಿಚಾರ ಮಾಡಿ.

ದಿನ ಬೆಳಗಾದರೆ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಸಮವಸ್ತ್ರ ನಮಗೆಲ್ಲ ಗೊತ್ತು. ಅವರ ಹೆಸರು ಎಷ್ಟು ಮಂದಿಗೆ ಗೊತ್ತು? ಆ ಘೋರಕ್ಕೂ ಇದಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಬಟ್ಟೆಯನ್ನು ಕಂಡು ಮನುಷ್ಯನನ್ನು ಕಾಣದಿರುವುದು ಆ ದಾರಿಯ ಮೊದಲ ಹೆಜ್ಜೆ. ನಾಳೆ ಬೆಳಿಗ್ಗೆ ಬಾಗಿಲಲ್ಲಿ ನಿಂತು, “ನಿಮ್ಮ ಹೆಸರೇನಮ್ಮಾ?” ಎಂದು ಕೇಳಿ. ನಾಡಿದ್ದು ಆ ಹೆಸರಿನಿಂದಲೇ ಮಾತನಾಡಿಸಿ.