ಕಣ್ಣು ಮಿಟುಕಿಸಿ ಅಂದ ಆ್ಯಪ್

ನಾನು ವಿಜಯಪುರದವನು. ಎಂಟೆಕ್ ಮುಗಿಸಿ ಕೆಲಸಕ್ಕೆ ಅಂತ ನಾಸಿಕ್‌ಗೆ ಬಂದೆ, ಇಲ್ಲೇ ಉಳಿದೆ. ನಮ್ಮ ಕಾಕಾ ಇರೋದು ಛತ್ರಪತಿ ಸಂಭಾಜಿನಗರದಲ್ಲಿ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಆದರೆ ಮೊಬೈಲ್ ಬಳಸೋದರಲ್ಲಿ ನನಗಿಂತ ಚುರುಕು. ಟಾಕ್‌ಬ್ಯಾಕ್ ಓದುತ್ತೆ, ಅವರು ಕೇಳಿಸಿಕೊಂಡು ಒತ್ತುತ್ತಾರೆ.

2024ರ ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಕಾಕಾ ಒಂದು ಆ್ಯಪ್‌ನಲ್ಲಿ ಹೊಸ ಖಾತೆ ತೆರೀತಿದ್ದರು. ಎಲ್ಲಾ ಆಯ್ತು. ಕೊನೆಗೆ ಆ್ಯಪ್ ಹೇಳಿತು: ಮುಖವನ್ನು ವೃತ್ತದೊಳಗೆ ಇಟ್ಟು ಕಣ್ಣು ಮಿಟುಕಿಸಿ. ಕಾಕಾ ನಕ್ಕುಬಿಟ್ಟರು. "ತಮ್ಮಾ, ವೃತ್ತ ಎಲ್ಲೈತಿ?" ನಾನೇ ಫೋನ್ ಹಿಡಿದೆ. ಮೂರು ಸಲವೂ ಆಗಲಿಲ್ಲ. "ಬಿಡಪಾ, ಹೋಗ್ಲಿ" ಅಂದರು.

ನನಗೆ ನಗು ಬರಲಿಲ್ಲ. ಅಂಥದ್ದೇ ಪರದೆಗೆ ನಾನೂ ಕೋಡ್ ಬರೆದಿದ್ದೆ. ಕಣ್ಣು ಕಾಣದವರು ಏನು ಮಾಡಬೇಕು ಅಂತ ಸಹೋದ್ಯೋಗಿ ಕೇಳಿದಾಗ "ಮುಂದಿನ ರಿಲೀಸ್‌ನಲ್ಲಿ ನೋಡೋಣ" ಅಂದಿದ್ದವನು ನಾನೇ. ನೋಡಲೇ ಇಲ್ಲ.

ಊರಿಗೆ ವಾಪಸ್ ಬಂದು ಓದೋಕೆ ಕೂತೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಸಹಿಗೆ ತೆರೆದದ್ದು 2007ರ ಮಾರ್ಚ್ 30ರಂದು. ಭಾರತ ಅವತ್ತೇ ಸಹಿ ಹಾಕಿತು, ಅಕ್ಟೋಬರ್ 1ರಂದು ಅನುಮೋದಿಸಿತು. ಸಹಿ ಅಂದ್ರೆ ನಮಗೆ ಒಪ್ಪಿಗೆ ಇದೆ ಅನ್ನೋದು. ಅನುಮೋದನೆ ಅಂದ್ರೆ ಆ ಮಾತಿಗೆ ಕಟ್ಟುಬೀಳೋದು. ಅದರ 9ನೇ ವಿಧಿ ರಸ್ತೆ, ಕಟ್ಟಡಗಳ ಜೊತೆಗೆ ಮಾಹಿತಿ ತಂತ್ರಜ್ಞಾನವನ್ನೂ ಹೆಸರಿಸುತ್ತೆ. ಅಂದ್ರೆ ನಮ್ಮ ಕೆಲಸವನ್ನು!

ಆದರೆ ಒಡಂಬಡಿಕೆ ತಾನಾಗಿಯೇ ನಮ್ಮ ಕಾನೂನು ಆಗಲ್ಲ, ಸಂಸತ್ತು ಕಾಯ್ದೆ ಮಾಡಬೇಕು. ಅದಕ್ಕೆ 9 ವರ್ಷ ಹಿಡೀತು. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21 ಆಯ್ತು. ಆ್ಯಪ್‌ಗಳ ವಿಷಯಕ್ಕೆ ಇನ್ನೂ ಕಾಯಬೇಕಾಯ್ತು. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿದೋಷ ಇರುವವರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು: ಡಿಜಿಟಲ್ ಸೇವೆ ಕೈಗೆಟುಕೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ. ಕೆವೈಸಿಗೆ ಕಣ್ಣು ಮಿಟುಕಿಸೋದು ಬಿಟ್ಟು ಬೇರೆ ದಾರಿಯೂ ಇರಬೇಕು.

ತೀರ್ಪು ಓದಿದ ದಿನ ಆ ಹಳೇ ಟಿಕೆಟ್ ಮತ್ತೆ ತೆರೆದೆ. ಈಗ ಹೊಸ ಪರದೆ ಬರೆದಾಗೆಲ್ಲ ಕಾಕಾಗೆ ಕಳಿಸ್ತೀನಿ. ಮುಲಾಜಿಲ್ಲದೆ ಬೈತಾರೆ.

ನಿಮ್ಮ ಹತ್ರ ಒಂದೇ ಕೋರಿಕೆ. ನಾಳೆ ಆಫೀಸಿನಲ್ಲಿ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನೀವೇ ಬರೆದ ಆ್ಯಪ್ ಬಳಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಳ್ತೀರೋ ಅಲ್ಲಿಂದ ರಿಪೇರಿ ಶುರು ಮಾಡಿ.