ಕೆರೆಯಂಚಿನ ಜೊಂಡು
(ಗ್ರಾಮಸಭೆಗೆ ಮುಂಚೆ ಶಾಲೆಯ ಅಂಗಳದಲ್ಲಿ ರೈತರನ್ನುದ್ದೇಶಿಸಿ ಮಾಡಿದ ಭಾಷಣ)



ಈ ಬೇಸಿಗೆಯಲ್ಲಿ ನಮ್ಮ ಕೆರೆಯ ಹೂಳೆತ್ತುವ ಕೆಲಸ ನಡೆಯಬೇಕೆಂದು ನೀವೆಲ್ಲರೂ ಕಾದಿದ್ದೀರಿ. ಅಂದಾಜುಪಟ್ಟಿ ತಯಾರಾಗಿದೆ. ಬರುವ ಗ್ರಾಮಸಭೆಯಲ್ಲಿ ಅದನ್ನು ಓದಿ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಒಪ್ಪಿಗೆ ಕೊಡುವುದಕ್ಕೆ ಮುಂಚೆ ನನ್ನ ನಾಲ್ಕು ಮಾತನ್ನು ಕೇಳಬೇಕೆಂದು ಪ್ರಾರ್ಥನೆ. ಹೂಳೆತ್ತಬೇಡಿ ಎಂದು ಹೇಳಲು ನಾನು ಬಂದಿಲ್ಲ, ಎತ್ತಲೇಬೇಕು. ಆದರೆ ಆ ಪಟ್ಟಿಯಲ್ಲಿ ಒಂದು ಸಾಲಿದೆ: ಕೆರೆಯಂಗಳದ ಜೊಂಡು, ಗಿಡಗಂಟಿಗಳನ್ನು ಪೂರ್ತಿ ತೆಗೆದು ಅಂಗಳವನ್ನೆಲ್ಲ ಒಂದೇ ಆಳಕ್ಕೆ ಅಗೆಯುವುದು ಎಂದು. ನನ್ನ ತಕರಾರೆಲ್ಲ ಆ ಒಂದು ಸಾಲಿನ ಮೇಲೆ.

ಈ ತಕರಾರು ನನಗೆ ಪುಸ್ತಕದಿಂದ ಬಂದುದಲ್ಲ. ನಾನು ಚಿಕ್ಕ ವಯಸ್ಸಿನಲ್ಲಿದ್ದಾಗ ಬೇರೊಂದು ಊರಿನಲ್ಲಿ ಯುವಕ ಸಂಘದವರನ್ನು ಕಟ್ಟಿಕೊಂಡು ಹದಿನೈದು ದಿನ ಶ್ರಮದಾನ ಮಾಡಿಸಿದೆ. ಕೆರೆಯ ಮೇಲಂಚಿನ ಜೊಂಡನ್ನೆಲ್ಲ ಬೇರುಸಹಿತ ಕಿತ್ತೆಸೆದೆವು. ಕೆಸರನ್ನು ಬಳಿದೆವು. ಕೆರೆ ಕನ್ನಡಿಯಂತಾಯಿತು. ಸಭೆ ನಡೆಯಿತು, ಹಾರ ಹಾಕಿದರು, ನನಗೂ ಹೆಮ್ಮೆಯಾಯಿತು. ಆ ಊರಿನ ಮುದಿ ನೀರುಗಂಟಿಯೊಬ್ಬ ಮಾತ್ರ ಏರಿಯ ಮೇಲೆ ನಿಂತು, "ಸ್ವಾಮೀ, ಕೆರೆಗೆ ತಲೆ ಬೋಳಿಸಿಬಿಟ್ರಿ" ಎಂದ. ನಾನು ನಕ್ಕುಬಿಟ್ಟೆ. ಮುಂದಿನ ಮುಂಗಾರಿನಲ್ಲಿ ಹಳ್ಳದ ನೀರು ತಡೆಯಿಲ್ಲದೆ ನುಗ್ಗಿ ಬಂದು ಮೇಲಂಚನ್ನು ಕೊರೆಯಿತು. ಜೊಂಡಿನ ಬುಡದಲ್ಲಿ ನಿಲ್ಲಬೇಕಾಗಿದ್ದ ಮಣ್ಣು ನೇರವಾಗಿ ತೂಬಿನ ಬಾಯಿಗೆ ಬಂದು ಕುಳಿತಿತು. ಕೊರವ ಮೀನು ಎರಡು ವರ್ಷ ಕಣ್ಣಿಗೆ ಬೀಳಲಿಲ್ಲ. ಯಾಕೆಂದು ಆಗ ನನಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಕೊರವವು ಆಳದ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅಂಚಿನ ತೆಳುನೀರಿನಲ್ಲಿ, ಕಳೆಯ ನಡುವೆ ಗೂಡುಮಾಡಿ, ಮರಿಗಳು ದೊಡ್ಡವಾಗುವವರೆಗೆ ತಂದೆತಾಯಿ ಎರಡೂ ಕಾವಲಿರುತ್ತವೆ. ನಾವು ಅದರ ಬಾಣಂತಿಯ ಕೋಣೆಯನ್ನೇ ಕಿತ್ತುಹಾಕಿದ್ದೆವು.

ಹಾಗಾದರೆ ಕೆರೆ ಎಂದರೆ ಏನು? ಏರಿ, ತೂಬು, ಕೋಡಿ, ನೀರು, ಇಷ್ಟೇ ಎಂದು ನಾವು ಎಣಿಸುತ್ತೇವೆ. ಆದರೆ ಕೆರೆಯಲ್ಲಿ ಮೂರು ಬಗೆಯ ನೆಲವಿದೆ. ಏರಿಯ ಕಡೆ ಆಳದ ನೀರು. ನಡುವೆ ಮೊಣಕಾಲುದ್ದದ ನೀರು. ಮೇಲಂಚಿನಲ್ಲಿ ವರ್ಷದಲ್ಲಿ ಕೆಲವು ತಿಂಗಳು ನೀರು, ಕೆಲವು ತಿಂಗಳು ಕೆಸರು, ಬೇಸಿಗೆಯಲ್ಲಿ ಹುಲ್ಲು. ಈ ಮೂರನೆಯದನ್ನೇ ನಾವು ಜೌಗು ಎಂದು ಹಳಿಯುತ್ತೇವೆ. ನಮ್ಮ ತಾಯಂದಿರು ಹೊನಗೊನೆ ಸೊಪ್ಪು ಕುಯ್ಯುವುದು ಅಲ್ಲಿ. ಬೇಸಿಗೆಯಲ್ಲಿ ದನಕರುಗಳಿಗೆ ಹಸಿರು ಸಿಕ್ಕುವುದು ಅಲ್ಲಿ. ಸೊಳ್ಳೆಯ ಮರಿಯನ್ನು ತಿನ್ನುವ ಕೊಡತಿಹುಳ, ಅಂದರೆ ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಹುಳ, ನೀರಿನಲ್ಲಿ ಬೆಳೆಯುವುದು ಅಲ್ಲಿ. ಜೊಂಡಿದ್ದರೆ ಸೊಳ್ಳೆ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಊರ ಚರಂಡಿಯ ಕೊಳಚೆ ನಿಂತರೆ ಹೆಚ್ಚುತ್ತದೆ, ಅದು ನಿಜ. ಮೀನು, ಕಪ್ಪೆ, ಹುಳು ಬಾಳುವ ಕೆರೆಯಂಚಿಗೆ ಆ ಅಪವಾದ ಪೂರ್ತಿ ಸಲ್ಲದು.

ಜೊಂಡಿನ ಇನ್ನೊಂದು ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ನಮ್ಮ ಊರಿನಲ್ಲಿ ಬೀದಿಬೀದಿಗೂ ಸಿಮೆಂಟಿನ ಚರಂಡಿಯಾಗಿದೆ, ಸಂತೋಷ. ಆದರೆ ಚರಂಡಿಗಳೆಲ್ಲ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತವೆ? ಕೆರೆಗೆ. ಪಾತ್ರೆಯ ಸೋಪು, ಬಟ್ಟೆಯ ಪುಡಿ, ಹೊಲದ ಗೊಬ್ಬರದ ಉಪ್ಪು ಎಲ್ಲವೂ ಅಲ್ಲಿಗೇ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಸಂಗತಿಯನ್ನು ನೀವು ಕೇಳಿರಬಹುದು. ನಗರದ ಕೊಳಚೆ ತುಂಬಿ, ೨೦೧೫ರಲ್ಲಿ ನೊರೆ ಎದ್ದು ರಸ್ತೆಯ ಮೇಲೆ ಹಾರಾಡಿತು, ಕೆರೆಗೆ ಬೆಂಕಿಯೂ ಹತ್ತಿತು. ೨೦೧೮ರ ಜನವರಿಯಲ್ಲಿ ಮತ್ತೆ ಹತ್ತಿದ ಬೆಂಕಿಯನ್ನು ಆರಿಸಲು ಸೈನಿಕರನ್ನೇ ಕರೆಯಬೇಕಾಯಿತು. ಕೆರೆಗೆ ಬೆಂಕಿ ಬಿತ್ತು ಎಂದು ನಮ್ಮ ಅಜ್ಜಂದಿರಿಗೆ ಹೇಳಿದ್ದರೆ ನಮ್ಮ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಕಲ್ಕತ್ತೆಯ ಪೂರ್ವಕ್ಕೆ ಇನ್ನೊಂದು ಬಗೆಯ ಕಥೆಯಿದೆ. ಅಲ್ಲಿ ಸುಮಾರು ೧೨,೫೦೦ ಹೆಕ್ಟೇರು ತಗ್ಗುನೆಲವಿದೆ. ಆ ಮಹಾನಗರದ ಕೊಳಚೆ ನೀರು ಕಾಲುವೆಗಳಲ್ಲಿ ಅಲ್ಲಿಗೆ ಹರಿದು ಆಳವಿಲ್ಲದ ಕೊಳಗಳಲ್ಲಿ ನಿಲ್ಲುತ್ತದೆ. ಬಿಸಿಲು ಬೀಳುತ್ತದೆ, ಪಾಚಿ ಬೆಳೆಯುತ್ತದೆ, ಕಲ್ಮಷ ಕರಗುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ, ಮೀನನ್ನು ನಗರದವರು ತಿನ್ನುತ್ತಾರೆ. ಇದನ್ನು ಕಟ್ಟಿದವರು ವಿಜ್ಞಾನಿಗಳಲ್ಲ, ಬೆಸ್ತರು ಮತ್ತು ರೈತರು. ಇದರ ಬೆಲೆಯನ್ನು ಲೋಕಕ್ಕೆ ತೋರಿಸಿಕೊಟ್ಟವರು ಧ್ರುವಜ್ಯೋತಿ ಘೋಷ್ ಎಂಬ ಇಂಜಿನಿಯರು. ಅವರು ೨೦೧೮ರಲ್ಲಿ ತೀರಿಕೊಂಡರು. ನಮ್ಮ ಕೆರೆ ಅಷ್ಟು ದೊಡ್ಡದಲ್ಲ, ನಮ್ಮ ಕೊಳಚೆಯೂ ಅಷ್ಟಿಲ್ಲ. ಚರಂಡಿಯ ನೀರು ಕೆರೆಗೆ ಬೀಳುವ ಮುಂಚೆ ಒಂದು ಗುಂಡಿಯಲ್ಲಿ ನಿಂತು, ಅಲ್ಲಿಂದ ಜೊಂಡಿನ ನಡುವೆ ಮೆಲ್ಲಗೆ ಹರಿದು ಬರುವಂತೆ ಮಾಡಿದರೆ ಬಹುಪಾಲು ಹೊಲಸು ಅಲ್ಲೇ ನಿಲ್ಲುತ್ತದೆ. ಆದರೆ ಆ ಜೊಂಡನ್ನು ವರ್ಷಕ್ಕೊಮ್ಮೆ ಕುಯ್ದು ಹೊರಗೆ ಹಾಕಬೇಕು. ಬಿಟ್ಟರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ಮತ್ತೆ ನೀರಿಗೆ ಕೊಡುತ್ತದೆ, ಕೆರೆಯನ್ನೂ ಮುಚ್ಚುತ್ತದೆ. ನಾನು ಜೊಂಡಿನ ಭಕ್ತನಲ್ಲ. ಅದು ಅಂಚಿನಲ್ಲಿರಲಿ, ನಡುವಿಗೆ ಬರುವುದು ಬೇಡ.

ಈಗ ಅಗೆಯುವ ವಿಷಯ. ಹಿಂದೆ ಹೂಳೆತ್ತುತ್ತಿದ್ದವರು ಯಾರು? ನೀವೇ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದಿರಿ. ಹೊಲಕ್ಕೆ ಸತ್ವ, ಕೆರೆಗೆ ಆಳ. ವರ್ಷವರ್ಷವೂ ಒಂದೊಂದು ಪದರ ಹೋಗುತ್ತಿತ್ತೇ ಹೊರತು ತಳ ಒಡೆಯುತ್ತಿರಲಿಲ್ಲ. ಗಾಡಿ ಹೋಯಿತು, ಎತ್ತು ಹೋಯಿತು, ಗೊಬ್ಬರದ ಮೂಟೆ ಬಂತು, ಹೂಳು ಅಲ್ಲೇ ಉಳಿಯಿತು. ಈಗ ಜೆಸಿಬಿ ಬರುತ್ತದೆ. ಅದಕ್ಕೆ ಹೂಳಿಗೂ ತಳಕ್ಕೂ ಭೇದ ತಿಳಿಯದು. ಗುತ್ತಿಗೆದಾರರಿಗೆ ಘನ ಅಳತೆಗೆ ಹಣ, ಇಟ್ಟಿಗೆ ಗೂಡಿನವರಿಗೆ ಜೇಡಿಮಣ್ಣು ಬೇಕು. ಆದುದರಿಂದ ನೀವು ಒಂದು ಲೆಕ್ಕ ಇಟ್ಟುಕೊಳ್ಳಿ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯಲ್ಲಿ ನಿಂತ ನೀರು ತೂಬಿನಿಂದ ಗದ್ದೆಗೆ ಇಳಿಯುವುದಿಲ್ಲ. ದನಕ್ಕೆ, ಮೀನಿಗೆ ಒಂದು ಮೂಲೆಯಲ್ಲಿ ಅಂಥ ಗುಂಡಿ ಇರಲಿ, ಒಳ್ಳೆಯದೇ. ಇಡೀ ಕೆರೆಯನ್ನು ಹಾಗೆ ಅಗೆದರೆ ಅಚ್ಚುಕಟ್ಟಿನವರಿಗೆ ದಕ್ಕುವುದೇನು? ಏರಿಯ ಬುಡಕ್ಕಂತೂ ಬಕೆಟ್ಟು ಹಾಕಿಸಲೇಬೇಡಿ. ಏರಿ ನಿಂತಿರುವುದು ಆ ಬುಡದ ಮಣ್ಣಿನ ಬಲದಿಂದ.

ಹೂಳು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಕಡಪಾ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯನ್ನು ವಿಜಯನಗರದ ರಾಜಪುತ್ರ ಭಾಸ್ಕರನು ಕಟ್ಟಿಸಿದಾಗ, ೧೩೬೯ರಲ್ಲಿ, ಶಾಸನ ಹಾಕಿಸಿದ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಕೆರೆಯ ಆರು ದೋಷಗಳು ಎಂದು ಅದರಲ್ಲಿ ಎಣಿಸಿದ್ದಾರೆ. ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು ಒಂದು ದೋಷ. ಆರುನೂರೈವತ್ತು ವರ್ಷದ ಮಾತು. ನಮ್ಮ ಕೆರೆಗೆ ಹತ್ತಿರುವುದು ಆ ದೋಷವೇ. ಮೇಲಿನ ಹಳ್ಳ ಒತ್ತುವರಿಯಾಗಿದೆ, ಗೋಮಾಳದಲ್ಲಿ ನೀಲಗಿರಿ ನಿಂತಿದೆ. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ೨೦೧೭ರಲ್ಲೇ ಆಜ್ಞೆ ಮಾಡಿತು. ಹಳೆಯದು ಹಾಗೇ ಇದೆ. ಹಳ್ಳ ಬಿಡಿಸದೆ ಕೆರೆ ಅಗೆಯುವುದು, ಹರಿವಾಣ ಬೆಳಗಿ ಅನ್ನ ಮಾಡದೆ ಕುಳಿತಂತೆ.

"ಸುಸ್ಥಿರ ಅಭಿವೃದ್ಧಿ" ಎಂಬ ಮಾತನ್ನು ಈಗ ಎಲ್ಲ ಅಧಿಕಾರಿಗಳ ಬಾಯಿಂದಲೂ ಕೇಳುತ್ತೀರಿ. ಹೆದರಬೇಡಿ. ಎಂಥ ಕ್ಷಾಮದಲ್ಲಿಯೂ ಅಟ್ಟದ ಮೇಲಿನ ಬೀಜದ ರಾಗಿಗೆ ಕೈಹಾಕದ ಹೆಂಗಸರು ನಮ್ಮಲ್ಲಿದ್ದರು. ಅದಕ್ಕೆ ಅವರು ಹೆಸರಿಟ್ಟಿರಲಿಲ್ಲ, ಅಷ್ಟೇ.

ಜೌಗು ನೆಲಗಳನ್ನು ಉಳಿಸಬೇಕೆಂದು ೧೯೭೧ರ ಫೆಬ್ರವರಿ ೨ರಂದು ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ ದೇಶದೇಶಗಳವರು ಸೇರಿ ಒಪ್ಪಂದ ಮಾಡಿಕೊಂಡರು. ಭಾರತವು ಅದಕ್ಕೆ ಸೇರಿದ್ದು ೧೯೮೨ರಲ್ಲಿ. ನಮ್ಮ ರಾಜ್ಯದಿಂದ ೨೦೨೨ರಲ್ಲಿ ರಂಗನತಿಟ್ಟು ಆ ಪಟ್ಟಿಗೆ ಸೇರಿತು. ೨೦೨೪ರಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಸೇರಿದವು. ಮಾಗಡಿ ಮತ್ತು ಅಂಕಸಮುದ್ರ ಎರಡೂ ರೈತರ ಕೆರೆಗಳು, ಬೇಸಾಯದ ನೀರಿಗೆಂದೇ ಕಟ್ಟಿದವು. ಮಾಗಡಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಸಾವಿರಗಟ್ಟಲೆ ಬರುತ್ತವೆ. ಅಂಕಸಮುದ್ರದಲ್ಲಿ ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನಮ್ಮ ಅಂದಾಜುಪಟ್ಟಿಯ ಭಾಷೆಯಲ್ಲಿ ಹೇಳಿದರೆ ಅವೇ ಗಿಡಗಂಟಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಊರ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳಿಗೆ ಜಾಗ ಕೊಟ್ಟು, ಕೆಳಗೆ ಬಿದ್ದ ಹಿಕ್ಕೆಯನ್ನು ಮಣ್ಣಿನೊಡನೆ ಕೂಡಿಸಿ ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಿದ್ದರು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಿ. ಕೇಂದ್ರ ಸರ್ಕಾರ ೨೦೧೭ರಲ್ಲಿ ಮಾಡಿದ ಜೌಗು ಪ್ರದೇಶಗಳ ನಿಯಮಗಳಲ್ಲಿ, ನೀರಾವರಿಗೆಂದೇ ಮನುಷ್ಯರು ಕಟ್ಟಿದ ಕೆರೆಗಳನ್ನು ಜೌಗು ಪ್ರದೇಶದ ಲೆಕ್ಕದಿಂದ ಬಿಟ್ಟಿದ್ದಾರೆ. ಲೋಕದ ಪಟ್ಟಿಗೆ ಸೇರುವಂಥ ಕೆರೆಗಳಿರುವ ನಾಡಿನಲ್ಲಿ, ನಮ್ಮಂಥ ಊರಿನ ಕೆರೆ ಆ ನಿಯಮದ ನೆರಳಿಗೆ ಬರುವುದಿಲ್ಲ. ರಾಜ್ಯದ ಕೆರೆ ಸಂರಕ್ಷಣೆಯ ಕಾಯಿದೆ ೨೦೧೪ರದು ಇದೆ. ಪಂಜಾಬಿನ ಹಳ್ಳಿಯೊಂದರ ಕೊಳವನ್ನು ಒತ್ತುವರಿ ಮಾಡಿದ ಮೊಕದ್ದಮೆಯಲ್ಲಿ, ೨೦೧೧ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಊರೊಟ್ಟಿನ ನೆಲಗಳ ಒತ್ತುವರಿಯನ್ನು ತೆರವು ಮಾಡಿಸಿ ಊರಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೆ ಒತ್ತುವರಿ ಮಾಡಿದವರ ಮೇಲೆ ಇವೆಲ್ಲ ಒದಗಬಹುದು. ನಾವೇ ಗ್ರಾಮಸಭೆಯಲ್ಲಿ ಕೈಯೆತ್ತಿ ಒಪ್ಪಿದ ಅಂದಾಜುಪಟ್ಟಿಯ ವಿರುದ್ಧ ಯಾವ ಕಾಯಿದೆಗೆ ಮೊರೆಹೋಗೋಣ?

ಆದುದರಿಂದ ಸಭೆಯಲ್ಲಿ ಆ ಸಾಲನ್ನು ಬದಲಿಸಿರೆಂದು ಕೇಳಿ. ಮೊದಲು ಹಳ್ಳ ಬಿಡಿಸಲಿ. ಹೂಳನ್ನು ತೂಬಿನ ಮಟ್ಟದವರೆಗೆ ತೆಗೆಯಲಿ, ಗೋಡನ್ನು ಮೊದಲು ಊರ ಹೊಲಗಳಿಗೆ ಕೊಡಲಿ, ಮಿಕ್ಕರೆ ಬೇರೆಯವರಿಗೆ. ಮೇಲಂಚಿನ ತೆಳುನೀರಿನ ಪಟ್ಟಿಯನ್ನು ಇದ್ದಂತೆ ಬಿಡಲಿ. ಚರಂಡಿ ಬೀಳುವ ಜಾಗದಲ್ಲಿ ಗುಂಡಿ ಮಾಡಲಿ. ದುಡ್ಡು ಹೆಚ್ಚು ಬೇಕಾಗುವುದಿಲ್ಲ, ಅಗೆತ ಕಡಿಮೆಯಾಗುವುದರಿಂದ ಉಳಿಯಲೂಬಹುದು. ಅದಕ್ಕೇ ಕೆಲವರಿಗೆ ಇದು ರುಚಿಸದು, ಅದನ್ನೂ ತಿಳಿದಿರಿ.

ಬರುವ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕೋಡಿಯ ಹತ್ತಿರ ಸೇರೋಣ. ಸರ್ವೆಯ ನಕ್ಷೆಯ ಪ್ರತಿಯನ್ನು ನಾನು ತರುತ್ತೇನೆ. ಕೆರೆಯ ಸುತ್ತ ನಡೆದು ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಎಂದು ಗೂಟ ನೆಡೋಣ. ಸೊಪ್ಪು ಕುಯ್ಯುವ ತಾಯಂದಿರು, ದನ ಮೇಯಿಸುವ ಹುಡುಗರು ತಪ್ಪದೆ ಬರಬೇಕು, ಅಂಚಿನ ನೆಲ ಅವರಿಗೆ ತಿಳಿದಷ್ಟು ನಮಗೆ ತಿಳಿಯದು. ನೀರುಗಂಟಿ ಮನೆತನದವರು ಯಾರಾದರೂ ಇದ್ದರೆ ಕರೆತನ್ನಿ. ಹಳೆಯ ತೂಬಿನ ತಳದ ಕಣ್ಣು ಎಲ್ಲಿ ಹೂತುಹೋಗಿದೆಯೆಂದು ಅವರು ತೋರಿಸಬೇಕು. ಗೂಟದ ಮಟ್ಟವನ್ನು ಅಲ್ಲಿಂದಲೇ ಹಿಡಿಯುವುದು.