ಹಾಯಿದೋಣಿಯ ದಂಪತಿಗಳು

(ಡೊಂಬಿವಲಿಯಲ್ಲಿ ಕೂಡಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



"ಸಮುದ್ರದ ಮೇಲೆ ದುಡಿದವರು ನೀವು, ಏನಾದರೂ ನಾಲ್ಕು ಮಾತು ಹೇಳಿ" ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಭಾಷಣಕಾರನಲ್ಲ. ಮಲ್ಪೆಯಲ್ಲಿ ಐದು ತರಗತಿ, ಮುಂಬಯಿಯ ರಾತ್ರಿ ಶಾಲೆಯಲ್ಲಿ ಇನ್ನೆರಡು, ಅಷ್ಟೇ ನನ್ನ ವಿದ್ಯೆ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಯಾಟ್ ಕ್ಲಬ್ ಎಂದೊಡನೆ ತಮಗೆ ಅಪೋಲೊ ಬಂದರಿನ ರಾಯಲ್ ಬಾಂಬೆ ಯಾಟ್ ಕ್ಲಬ್ಬು ನೆನಪಾಗಬಹುದು. 1846ರಲ್ಲಿ ಹುಟ್ಟಿದ ಸಂಸ್ಥೆ. ಬ್ರಿಟಿಷರ ಕಾಲದಲ್ಲಿ ಭಾರತೀಯರಿಗೆ ಅಲ್ಲಿ ಸದಸ್ಯತ್ವವಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅದರ ಹಳೆಯ ಕಟ್ಟಡಕ್ಕೆ ಅಣುಶಕ್ತಿಯ ಕಛೇರಿ ಬಂತು. ಆದರೆ ನಾನು ದುಡಿದದ್ದು ಅಲ್ಲಿ ಅಲ್ಲ, ಬೇರೊಂದು ಕ್ಲಬ್ಬಿನಲ್ಲಿ. ಅದರ ಹೆಸರು ಬೇಡ.

1984ರ ಅಕ್ಟೋಬರಿನಲ್ಲಿ ಅಲ್ಲಿ ಲಾಂಚಿನ ಖಲಾಸಿಯಾಗಿ ಸೇರಿದೆ. ಮೇ ನಡುವಿನವರೆಗೆ ಕೆಲಸ. ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆಳೆದು ತಾಡಪಾಲು ಹೊದೆಸಿದ ದಿವಸವೇ ನಮ್ಮ ಸಂಬಳವೂ ನಿಂತಿತು. ಊರಿಗೆ ಹೋಗಿ ಬಲೆ ಹೆಣೆದು, ನಾರಳಿ ಪೂರ್ಣಿಮೆ ಕಳೆದ ಮೇಲೆ ಬಂದು, "ಸಾಹೇಬರೇ, ಈ ವರ್ಷವೂ ಕೆಲಸ ಉಂಟೇ?" ಎಂದು ಕೇಳಬೇಕು. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿದೆಯೋ ಇಲ್ಲವೋ ನಾವು ನೋಡಿದವರಲ್ಲ. ನೋಡಬೇಕೆಂಬ ಬುದ್ಧಿಯೂ ಆಗ ಇರಲಿಲ್ಲ.

1988ರ ಡಿಸೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಹಳದಿ ಬಾವುಟ ಏರಿಸಿದ ಹಾಯಿದೋಣಿಯೊಂದು ಬಂದು ನಿಂತಿತು. ಪರದೇಶದಿಂದ ಬಂದಿದೆ, ಆರೋಗ್ಯ ಮತ್ತು ಕಸ್ಟಮ್ಸಿನ ತಪಾಸಣೆ ಇನ್ನೂ ಆಗಿಲ್ಲ ಎಂಬುದಕ್ಕೆ ಅದು ಗುರುತು. ಮೂವತ್ತಮೂರು ಅಡಿ ಉದ್ದದ ದೋಣಿ. ನಮ್ಮ ಮಲ್ಪೆಯ ಮೀನುದೋಣಿಗಳೇ ಅದಕ್ಕಿಂತ ದೊಡ್ಡವು. ಸಿಂಹಳದ ಗಾಲೆಯಿಂದ ನೇರವಾಗಿ ಬಂದಿದ್ದರು. ಅರುವತ್ತು ದಾಟಿದ ಗಂಡ ಹೆಂಡತಿ, ನ್ಯೂಜಿಲೆಂಡಿನವರು. ಕೆಂಪು ಸಮುದ್ರದ ದಾರಿಯಾಗಿ ಯುರೋಪಿಗೆ ಹೊರಟವರು. ಲಾಂಚು ಹತ್ತಿರ ಒಯ್ದು, ಹಗ್ಗ ಎಸೆಯಲು ನಾನು ಅವರ ಖಲಾಸಿಗಳನ್ನು ಹುಡುಕಿದೆ. ಯಾರೂ ಕಾಣಲಿಲ್ಲ. ಮುದುಕಿಯೇ ಮುಂದೆ ಬಂದು ಹಗ್ಗ ಹಿಡಿದಳು, ತಿರುವು ಹಾಕಿ ಬಿಗಿದಳು. ಅಂಗೈ ನೋಡಿದೆ, ನನ್ನ ಅಂಗೈಯಂತೆಯೇ ಇತ್ತು.

ತಮ್ಮ ಊರಿನ ಕ್ಲಬ್ಬಿನ ಪತ್ರ ತಂದಿದ್ದರಿಂದ ನಮ್ಮಲ್ಲಿ ಹದಿನೈದು ದಿನ ಅತಿಥಿ ಸದಸ್ಯತ್ವ ಸಿಕ್ಕಿತು. ಸಮುದ್ರದ ಮೇಲೆ ದಿನಕ್ಕೆ ಒಂದು ಚೊಂಬು ನೀರಿನಲ್ಲಿ ಮೈ ಒರೆಸಿಕೊಂಡವರು ಬಿಸಿನೀರಿನ ನಲ್ಲಿ ಕಂಡು ಮಕ್ಕಳಂತೆ ಹಿಗ್ಗಿದರು. ಊಟದ ಹಾಲಿನಲ್ಲಿ ಮಾತ್ರ ಫಜೀತಿಯಾಯಿತು. ಮುದುಕನ ಕಾಲಲ್ಲಿ ಹರಿದ ಚಪ್ಪಲಿ. ಬೂಟಿಲ್ಲದೆ ಒಳಗೆ ಬಿಡುವಂತಿಲ್ಲವೆಂದು ಬಾಗಿಲಲ್ಲೇ ತಡೆದರು. ಅರ್ಧ ಭೂಮಿ ಸುತ್ತಿ ಬಂದವನು ಹೊಸ್ತಿಲು ದಾಟಲಾರದೆ ನಗುತ್ತ ಹಿಂದಿರುಗಿ, ದೋಣಿಯಲ್ಲೇ ಬಟಾಟೆ ಬೇಯಿಸಿ ತಿಂದ. ನಾವು ಖಲಾಸಿಗಳು ಆ ಹೊಸ್ತಿಲನ್ನು ದಾಟುವ ಪ್ರಶ್ನೆಯೇ ಇರಲಿಲ್ಲ. ಆ ದಿನದಿಂದ ಅವನು ನಮ್ಮವನಾದ.

ನಮ್ಮ ಬಂದರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ನಾಲ್ಕು ಮೀಟರಿಗೂ ಹೆಚ್ಚು ನೀರು ಏರಿ ಇಳಿಯುತ್ತದೆ. ಎಲಿಫಂಟಾದ ಲಾಂಚುಗಳ ಅಲೆ ಬೇರೆ. ಬೋಯಾಕ್ಕೆ ಕಟ್ಟಿದ ಹಗ್ಗ ಮೂರೇ ದಿನಕ್ಕೆ ಸವೆಯಿತು. ನಾನು ಬದಲಿಸಿಕೊಟ್ಟೆ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನಕ್ಕೆ ಸತ್ತುಹೋಗುತ್ತದೆ, ಸಂಜೆ ವಾಯವ್ಯದಿಂದ ಏಳುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿದೆ. ಹರಿದ ಹಾಯಿಯನ್ನು ನಾವು ಮೂವರೂ ಕೂತು ಹೊಲಿದೆವು. ಸಾಯಂಕಾಲವಾಯಿತೆಂದರೆ ಆಕೆ ಒಂದು ದಪ್ಪ ಪುಸ್ತಕ ತೆಗೆದು ಬರೆಯುವಳು: ಗಾಳಿ ಎಲ್ಲಿಂದ, ನೀರು ಎಷ್ಟು, ಯಾವ ಕೆಲಸವಾಯಿತು, ಮಾಡಿದವರು ಯಾರು. ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದಳು. "ಇದೆಲ್ಲ ಯಾಕಮ್ಮ?" ಎಂದೆ. ದೋಣಿಯ ಮೇಲೆ ಆದದ್ದನ್ನು ಆಯಾ ದಿನವೇ ಬರೆಯಬೇಕು, ನಾಳೆ ಬರೆದರೆ ಅದು ಕಥೆಯಾಗುತ್ತದೆ ಎಂದಳು.

ಎಲ್ಲಿ ವಾಸ ಎಂದು ಕೇಳಿದರು. ಡೊಂಬಿವಲಿ ಎಂದೆ. ನಕ್ಷೆ ಬಿಚ್ಚಿ ಹುಡುಕಿದರು. ಡೊಂಬಿವಲಿ ಸಿಗುವ ಮೊದಲೇ ಆಕೆಯ ಬೆರಳು ಕಲ್ಯಾಣದ ಮೇಲೆ ನಿಂತಿತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಈ ಊರಿನ ಹೆಸರಿದೆಯಂತೆ. ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಸಾಗಿಸುವುದೂ ಉಂಟೆಂದು ಅದರಲ್ಲಿ ಬರೆದಿದೆ. "ಕಸ್ಟಮ್ಸಿನವರು ಆಗಲೂ ಇದ್ದರು" ಎಂದು ಮುದುಕ ನಕ್ಕ.

ಆ ಭಾನುವಾರ ಇಬ್ಬರೂ ಸ್ಲೋ ಲೋಕಲ್ಲಿನಲ್ಲಿ ನನ್ನ ಜೊತೆ ಹೊರಟೇಬಿಟ್ಟರು. ವೀಟಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಓಡಿದ್ದು ಠಾಣೆಯವರೆಗೆ ಎಂದು ನನಗೆ ಹೇಳಿದವರೂ ಅವರೇ. ಐದು ವರ್ಷ ದಿನಾಲೂ ಅದೇ ದಾರಿಯಲ್ಲಿ ನೇತಾಡಿದವನಿಗೆ ಅದು ಗೊತ್ತಿರಲಿಲ್ಲ! ಚಾಳಿನ ನಮ್ಮ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ನೀರುದೋಸೆ, ಬಂಗುಡೆ ಸಾರು ಉಂಡರು. ಖಾರಕ್ಕೆ ಮುದುಕನ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ನಿಲ್ಲಲಿಲ್ಲ. ಸಂಜೆ ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗೆ ಖಾಡಿಯ ದಡದಲ್ಲಿ ನಿಂತೆವು. ಶಿವಾಜಿ ಮಹಾರಾಜರು ಹಡಗು ಕಟ್ಟಿಸಿದ ಜಾಗ. ಐದು ವರ್ಷದ ನನ್ನ ಮಗಳು ಆಕೆಯ ಕೈಬಿಡಲಿಲ್ಲ. ಜನವರಿ ನಡುವೆ, ವಿಳಾಸದ ಚೀಟಿ ಕೊಟ್ಟು, ಅವರು ಹೊರಟುಹೋದರು. ಎದುರು ದಡದಲ್ಲಿ ಆಗ ನ್ಹಾವಾ ಶೇವಾ ಬಂದರಿನ ಕಟ್ಟೋಣ ನಡೆದಿತ್ತು.

1996ರಲ್ಲಿ ನನ್ನನ್ನು ಖಾಯಂ ಮಾಡಿದರು. 2011ರಲ್ಲಿ ನಿವೃತ್ತನಾದಾಗ ಗ್ರಾಚ್ಯುಯಿಟಿಯ ಲೆಕ್ಕ ಬಂತು: ಹದಿನೈದು ವರ್ಷ. ಹಿಂದಿನ ಹನ್ನೆರಡು ಹಂಗಾಮು ಎಲ್ಲಿ ಹೋದವೆಂದು ಕೇಳಿದರೆ, "ಆಗ ನೀನು ಇಲ್ಲಿ ಇರಲೇ ಇಲ್ಲ" ಎಂದರು. ಸೋದರರೇ, ಹಣ ಬಾರದಿದ್ದರೆ ಸಹಿಸಬಹುದು. ನೀನು ಇರಲೇ ಇಲ್ಲ ಎಂದರೆ? ನಾಲ್ಕು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಜೊತೆಯ ಖಲಾಸಿಗಳಲ್ಲಿ ಇಬ್ಬರು ತೀರಿಹೋಗಿದ್ದರು, ಒಬ್ಬ ಊರು ಸೇರಿದ್ದ.

ಮಗಳು ಆ ಚೀಟಿ ಹುಡುಕಿ ತೆಗೆದು ಇಂಗ್ಲಿಷಿನಲ್ಲಿ ಪತ್ರ ಬರೆದಳು. ಎರಡು ತಿಂಗಳಿಗೆ ದಪ್ಪ ಲಕೋಟೆ ಬಂತು. ಮುದುಕ ತೀರಿಕೊಂಡಿದ್ದ. ಆಕೆ ಆ ಹದಿನೈದು ದಿನಗಳ ಪುಟಗಳ ನಕಲು ತೆಗೆಸಿ ಕಳಿಸಿದ್ದಳು. ತಾರೀಖು, ಕ್ಲಬ್ಬಿನ ಹೆಸರು, ಲಾಂಚಿನ ಹೆಸರು, ಬೋಯಾದ ಹಗ್ಗ, ಅದರ ಮುಂದೆ ನನ್ನ ಹೆಸರು.

ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯಂತೆ ವರ್ಷಕ್ಕೆ ಹದಿನೈದು ದಿನದ ಸಂಬಳ, ಹಂಗಾಮಿನ ಕೆಲಸಕ್ಕಾದರೆ ಹಂಗಾಮಿಗೆ ಏಳು ದಿನದ್ದು. ಒಂದು ಪುಸ್ತಕದಿಂದ ಸಿದ್ಧವಾದದ್ದು ಒಂದೇ ಹಂಗಾಮು, ನಿಜ. ಆದರೆ ಅಧಿಕಾರಿಗಳ ಮುಂದೆ ಆ ಪುಟಗಳನ್ನು ಇಟ್ಟ ಮೇಲೆ "ಇರಲೇ ಇಲ್ಲ" ಎನ್ನುವ ಮಾತು ನಿಲ್ಲಲಿಲ್ಲ. ಹಳೆಯ ವೋಚರುಗಳು ಅವರ ಕಪಾಟಿನಿಂದಲೇ ಹೊರಬಂದವು. ಇಲ್ಲಿ ಕೂತವರಲ್ಲಿ ನವಿ ಮುಂಬಯಿಯ ಗೋದಾಮುಗಳಲ್ಲಿ ಗುತ್ತಿಗೆಯ ಮೇಲಿರುವ ತರುಣರು ಬಹಳ ಮಂದಿ ಇದ್ದೀರಿ. ನಿಮ್ಮ ಹಾಜರಿಯನ್ನು ಬರೆಯುವವರು ಯಾರು, ಸಂಬಳದ ಚೀಟಿ ಎಲ್ಲಿದೆ, ಎಂದು ಈ ರಾತ್ರಿ ಮನೆಗೆ ಹೋಗಿ ನೋಡಿ.

ಕೊನೆಗೆ ಒಪ್ಪಂದವಾಯಿತು. ಹನ್ನೆರಡು ಹಂಗಾಮು, ಏಳರಂತೆ ಎಂಬತ್ತನಾಲ್ಕು ದಿನದ ಸಂಬಳ. ಚೆಕ್ಕು ಬಂದ ದಿವಸ ಮಗಳು ಆಕೆಗೆ ಕಾಗದ ಬರೆದಳು. ಉತ್ತರದಲ್ಲಿ ಎರಡೇ ಸಾಲು: ಸಂತೋಷವಾಯಿತು, ಆ ಮೀನಿನ ಸಾರು ಮಾಡುವ ಬಗೆಯನ್ನು ಬರೆದು ಕಳಿಸಬೇಕು.